ಊರ ನೀರಿನ ಕ್ಲೋರೈಡ್

ಡಿಸ್ಟಿಲ್ಡ್ ವಾಟರ್ ಮುಗಿದಿದೆ ಎಂದು ಶಾಲೆಯ ಲ್ಯಾಬ್ ಸಹಾಯಕ ಥೆಂಬೊಗೆ ಗೊತ್ತಾದದ್ದು ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆಯೇ. ಕ್ಯಾನು ಅಲ್ಲಾಡಿಸಿದ. ಒಳಗೆ ಒಣಗಿದ ಜಿರಳೆಯೊಂದು ಲೊಟಲೊಟ ಎಂದಿತು.

ಯಾವ ಲವಣವೆಂದು ಗುರುತಿಸಲು ಮಕ್ಕಳಿಗೆ ನೀರಲ್ಲಿ ಕರಗಿಸಿ ಕೊಡಬೇಕಾದದ್ದು ಸೋಡಿಯಂ ಸಲ್ಫೇಟ್. ಅದು ಅವನೊಬ್ಬನಿಗೇ ಗೊತ್ತು, ಮೇಷ್ಟ್ರಿಗೂ ಗುಟ್ಟು. ಆದರೆ ಕಟ್ವೆ ಉಪ್ಪಿನ ಕೆರೆಯ ಪಕ್ಕದ ಆ ಶಾಲೆಯ ನಲ್ಲಿ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿದ್ದರೆ ಸಾಕು, ಕ್ಲೋರೈಡಿನ ಬಿಳಿ ಮೊಸರು! ಅದರಲ್ಲಿ ಕರಗಿಸಿದರೆ ಲವಣದಲ್ಲಿ ಇಲ್ಲದ ಕ್ಲೋರೈಡೂ ಮಕ್ಕಳಿಗೆ ಕಾಣುತ್ತದೆ. ಕಳೆದ ವರ್ಷ ಲೇಬಲ್ಲು ಅದಲುಬದಲಾದಾಗ ಹೆಡ್‌ಮಿಸ್ಟ್ರೆಸ್ ಕಬುಘೊ ಮೇಡಂ ಹೇಳಿದ್ದರು: "ಇನ್ನೊಂದು ತಪ್ಪಾದ್ರೆ ಕೆರೆಗಿಳಿದು ಉಪ್ಪು ಅಗೀತಿರ್ತೀಯ, ಥೆಂಬೊ."

"ಮಳೆ ನೀರು ಹಿಡಿ," ಎಂದ ಗುಮಾಸ್ತ.

"ಮಳೆ ಎಲ್ಲಿದೆ ಸ್ವಾಮಿ?"

"ಅದೂ ನಾನೇ ತರಬೇಕಾ?"

ಅಡುಗೆಯ ಬೀರಾ ಅಕ್ಕ ಅವನನ್ನು ಕಂಡು ನಕ್ಕಳು. "ಏನೋ ತಮ್ಮಾ, ಮುಖ ಹಳಸಿದ ಪೋಶೋ ಮುದ್ದೆ ಥರ ಆಗಿದೆ? ನನ್ನ ಕಾಳಿನ ಹಂಡೆ ಮುಚ್ಚಳದಿಂದ ದಿನಾ ತೊಟ್ಟಿಕ್ಕೋದೇನು, ಕಣ್ಣೀರಾ?"

ಮೂರು ಗಂಟೆ ಅವನು ಮುಚ್ಚಳ ಓರೆ ಹಿಡಿದು, ಆವಿಯ ಹನಿಗಳನ್ನು ಕ್ಯಾನಿಗೆ ಇಳಿಸುತ್ತ ನಿಂತ. ಮೊಣಕೈ ಬೆಂದಿತು. ಬಂದವರೆಲ್ಲ "ಬೆಂತಾ?" ಎಂದು ಕೇಳಿ ಹೋದರು, ಕಾಳನ್ನೋ ಅವನನ್ನೋ ತಿಳಿಯಲಿಲ್ಲ. ಕೊನೆಗೆ ಒಂದಿಷ್ಟು ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿದ. ನೀರು ತಿಳಿಯಾಗಿಯೇ ಇತ್ತು.

ಪರೀಕ್ಷೆಯಲ್ಲಿ ಮಕ್ಕಳು ಮೂಗರಳಿಸಿದರು. "ಸಾರ್, ಇವತ್ತು ಊಟ ಬೇಗನಾ?" ನಲವತ್ತು ಜನರ ನಳಿಕೆಗಳಲ್ಲೂ ಬೇರಿಯಂ ಕ್ಲೋರೈಡಿಗೆ ಬಿಳಿ, ಸಿಲ್ವರ್ ನೈಟ್ರೇಟಿಗೆ ಏನೂ ಇಲ್ಲ. ಬರೀ ಸಲ್ಫೇಟ್. ಥೆಂಬೊ ಆ ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ಉಸಿರಾಡಿದ.

ಆಗ ಪಕ್ಕದ ಕೋಣೆಯಿಂದ ರಸಾಯನಶಾಸ್ತ್ರದ ಮಸೆರೆಕಾ ಮೇಷ್ಟ್ರು ಬಂದರು. ಅವರೂ ಅದೇ ಲವಣ ಪರೀಕ್ಷಿಸಿ ಪರೀಕ್ಷಾ ಮಂಡಳಿಗೆ ಉತ್ತರ ಕಳಿಸಬೇಕು. ಅದಕ್ಕೆ ತಾಳೆ ನೋಡಿಯೇ ಮಕ್ಕಳಿಗೆ ಅಂಕ. ಅವರ ಉತ್ತರದ ಲಕೋಟೆಗೆ ಅರಗಿನ ಮುದ್ರೆ ಬಿದ್ದಾಗಿತ್ತು.

"ಸಲ್ಫೇಟೂ ಇದೆ, ಕ್ಲೋರೈಡೂ ಇದೆ ಕಣಯ್ಯಾ. ಎಂಥಾ ಮೊಸರು ಅಂತೀಯ!"

"ಸಾರ್... ನಾನಿಟ್ಟ ನೀರು?"

"ಥೂ, ಕಾಳಿನ ವಾಸನೆ! ಚೆಲ್ಲಿ ನಲ್ಲಿ ನೀರು ತಗೊಂಡೆ."

ಅಷ್ಟರಲ್ಲಿ ಅದನ್ನು ಕೇಳಿಸಿಕೊಂಡ ಮೇಡಂ ಮಕ್ಕಳ ಉತ್ತರಗಳನ್ನು ಹಿಡಿದು ಬಂದರು. "ಮೇಷ್ಟ್ರಿಗೆ ಕಂಡ ಕ್ಲೋರೈಡು ನಲವತ್ತು ಮಕ್ಕಳಿಗೆ ಯಾಕೆ ಕಾಣಲಿಲ್ಲ? ಏನು ಮಾಡಿದೆ ಥೆಂಬೊ?"

ಥೆಂಬೊ ನಳಿಕೆಗೆ ಬರೀ ನಲ್ಲಿ ನೀರು ಹಿಡಿದು, ಅವರ ಕಣ್ಣೆದುರೇ ಸಿಲ್ವರ್ ನೈಟ್ರೇಟ್ ಬಿಟ್ಟ. ನೀರು ಹಾಲಿನ ಹಾಗೆ ಬೆಳ್ಳಗಾಯಿತು.

ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವನನ್ನು ನೋಡಿದರು.

"ನಲ್ಲೀಲೇ ಇಷ್ಟೊಂದು ಕ್ಲೋರೈಡ್ ಬರ್ತಿದೆ. ಮಕ್ಕಳಿಗೆ ಅದನ್ನ ಕೊಡೋಕೆ ನಿನಗೇನು ಬಂದಿತ್ತೋ ದೊಡ್ಡರೋಗ?"