ಇಲಿಮರಿ ನುಂಗಿದ ಇಸ್ತ್ರಿಪೆಟ್ಟಿಗೆ

ಅಂಗಡಿಯಿಂದ ತಂದದ್ದು ಉಡುಗೊರೆಯೇ ಅಲ್ಲ, ಬರೀ ಸಾಮಾನು! ಅತ್ತೆಯ ಹುಟ್ಟುಹಬ್ಬಕ್ಕೆ ಕೊಡುವುದಾದರೆ ಕೈಯಾರೆ ಮಾಡಿದ್ದನ್ನೇ ಕೊಡುವೆನೆಂದು ಸೊಸೆ ಗಂಡನ ಮುಂದೆ ಶಪಥ ಮಾಡಿದಳು. ಗಾಳಿಗೆ ಕಿಟಕಿ ಬಡಿದರೂ ಎದೆ ಹಿಡಿದುಕೊಳ್ಳುವ ಅವಳಿಗೆ ಮನೆಯಲ್ಲಿ ಗಾಬರಿರಾಣಿ ಎಂಬ ಬಿರುದಿತ್ತು. ಬಿರುದಿದ್ದವರಿಗೆ ಶಪಥವೂ ಒಪ್ಪುತ್ತದೆ ಎಂದು ಗಂಡ ಪೇಪರಿನಿಂದ ತಲೆಯೆತ್ತದೆ ಹೇಳಿದ.

ಅತ್ತೆ ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ನಡೆಸುವವರು. ಹಾಗಾಗಿ ಗುಟ್ಟಿನಲ್ಲಿ, ನೆನೆಸಿ ರುಬ್ಬಿದ ಕಾಗದದಿಂದ, ಗೇಣುದ್ದದ ಅತ್ತೆಯೊಬ್ಬರು ಅವತರಿಸಿದರು. ದುಂಡು ಮುಖ, ಬಿಗಿದ ತುರುಬು, ಅಳತೆಯ ರವಿಕೆ ತಾರದೆ ಬಂದ ಗಿರಾಕಿಯನ್ನು ನೋಡುವ ಅದೇ ನೋಟ. ಆ ನೋಟ ಎಷ್ಟು ಪಡಿಯಚ್ಚಾಗಿತ್ತೆಂದರೆ, ಗೊಂಬೆಯ ಎದುರು ಕಾಲ ಮೇಲೆ ಕಾಲು ಹಾಕಿ ಕೂರಲು ಅದನ್ನು ಮಾಡಿದವಳಿಗೇ ಧೈರ್ಯ ಬರಲಿಲ್ಲ.

ಪೇಚು ಶುರುವಾದದ್ದು ಗೊಂಬೆಯ ಸಾಮಾನುಗಳಿಂದ. ಕೈಗೆ ಕತ್ತರಿ, ಮೂಗಿಗೆ ಕನ್ನಡಕ, ಕೊರಳಿಗೆ ಅಳತೆಯ ಟೇಪು, ಪಕ್ಕದಲ್ಲೊಂದು ಇಸ್ತ್ರಿಪೆಟ್ಟಿಗೆ. ಒಂದೊಂದೂ ಬಟಾಣಿ ಗಾತ್ರ. ಬಣ್ಣ ಬಳಿಯಲು ಹಿಡಿದರೆ ಬೆರಳಿಗೇ ಬಣ್ಣವಾಗುತ್ತಿತ್ತೇ ಹೊರತು ಸಾಮಾನಿಗಲ್ಲ. ಅದಕ್ಕವಳು ಉಪಾಯ ಹೂಡಿದಳು. ಹಲ್ಲುಕಡ್ಡಿಯ ತುದಿಗೆ ಎರಡೂ ಕಡೆ ಅಂಟುವ ಟೇಪಿನ ಚೂರು, ಅದರ ಮೇಲೆ ಸಾಮಾನು. ಕಡ್ಡಿ ತಿರುಗಿಸುತ್ತ ಬಣ್ಣ ಬಳಿದು, ಒಣಗಿದ ಮೇಲೆ ವಾರ್ನಿಷ್ ಸವರಿ, ಮಗುಚಿಟ್ಟ ಮೊಟ್ಟೆಯ ಟ್ರೇಗೆ ಕಡ್ಡಿ ಚುಚ್ಚಿ ನಿಲ್ಲಿಸುವುದು. ಎಲ್ಲಕ್ಕಿಂತ ಹೆಮ್ಮೆಯದು ಇಸ್ತ್ರಿಪೆಟ್ಟಿಗೆ. ಹಿಡಿಗೆ ತಂತಿ, ತಳಕ್ಕೆ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ತಗಡು. ತಗಡಿನ ಮೂಲೆ ಎಷ್ಟು ಚೂಪು ಎಂಬುದಕ್ಕೆ ಅವಳ ಹೆಬ್ಬೆರಳ ಗಾಯವೇ ಸಾಕ್ಷಿ.

ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವಳು ಕುರ್ತಾದ ತೋಳು ಮಡಚಿ, ಕೊನೆಯ ಸುತ್ತಿನ ವಾರ್ನಿಷ್ ಮುಗಿಸಿ, ತೊಳೆದಿಡಲೆಂದು ಟ್ರೇಯ ಆಚೆಗಿದ್ದ ಬ್ರಷ್ಷಿಗೆ ಕೈ ಚಾಚಿದಳು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಯಾರೋ ಮಹಡಿ ಮನೆಯ ವಿಳಾಸ ಕೇಳಿಕೊಂಡು ಬಂದಿದ್ದರು. ಅವರನ್ನು ಕಳಿಸಿ ಬರುವಷ್ಟರಲ್ಲಿ, ಇನ್ನೂ ಸರಿಯಾಗಿ ನಡೆಯಲೂ ಬಾರದ ಮಗಳು ಮೇಜಿನ ಅಂಚು ಹಿಡಿದು ನಿಂತು ಏನನ್ನೋ ಜಗಿಯುತ್ತಿದ್ದಳು. ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುವ ಈ ಮಗಳೇ ಮನೆಯ ಇಲಿಮರಿ. ಟ್ರೇಯ ಒಂದು ಮೂಲೆ ಹರಿದಿತ್ತು. ಒಂದು ಕಡ್ಡಿಯ ತುದಿ ಬರಿದಾಗಿತ್ತು.

"ಬಾಯಿ ತೆಗಿ ಚಿನ್ನ. ಆ ಅನ್ನು."

ಇಲಿಮರಿ ಧಾರಾಳವಾಗಿ ಬಾಯಿ ತೆರೆದು ಇದ್ದ ನಾಲ್ಕೂ ಹಲ್ಲು ತೋರಿಸಿತು. ಒಳಗೆ ಟ್ರೇಯ ಕಾಗದದ ಉಂಡೆಯಿತ್ತು. ಇಸ್ತ್ರಿಪೆಟ್ಟಿಗೆ ಇರಲಿಲ್ಲ.

ಗಾಬರಿರಾಣಿಯ ಕೂಗಿಗೆ ಗಂಡ ಅರ್ಧ ಬೋಳಿಸಿದ ಗಡ್ಡದಲ್ಲೇ ಓಡಿ ಬಂದ. ಇಬ್ಬರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದರು. ಮೇಜಿನಡಿ, ಚಾಪೆಯಡಿ, ಗೊಂಬೆಯ ಸೆರಗಿನಡಿ, ಎಲ್ಲೂ ಇಲ್ಲ. ಅಪ್ಪ ಅಮ್ಮ ತನ್ನಂತೆಯೇ ಹರಿದಾಡುವುದನ್ನು ಕಂಡು ಇಲಿಮರಿ ಚಪ್ಪಾಳೆ ತಟ್ಟಿತು.

"ಕೊನೇಲಿ ಎಲ್ಲಿಟ್ಟಿದ್ದೆ, ಸರಿಯಾಗಿ ಯೋಚನೆ ಮಾಡು."

"ಎಲ್ಲಿಟ್ಟಿದ್ದೆ ಅಂತ ಗೊತ್ತಿದ್ರೆ ಅದನ್ನ ಹುಡುಕೋದು ಅಂತಾರೇನ್ರೀ?"

ಆಗ ಅವಳಿಗೆ ತಗಡಿನ ಮೂಲೆ ನೆನಪಾಯಿತು. ತನ್ನ ಹೆಬ್ಬೆರಳನ್ನೇ ಸೀಳಿದ್ದು ಆ ಎಳೆಯ ಕರುಳನ್ನು ಬಿಟ್ಟೀತೇ? ಆಸ್ಪತ್ರೆಗೆ ಫೋನ್ ಹಚ್ಚಿದಳು.

"ಮಗು ಇಸ್ತ್ರಿಪೆಟ್ಟಿಗೆ ನುಂಗಿದೆ."

ಆ ಕಡೆಯ ಹೆಂಗಸು ನಿಯಮದಂತೆ ಶುರು ಮಾಡಿದಳು. "ವಯಸ್ಸೆಷ್ಟು?"

"ಮೊನ್ನೆ ತಾನೇ ಮಾಡಿದ್ದು."

"ಮಗೂ ವಯಸ್ಸು ಕೇಳಿದ್ದಮ್ಮ."

ಅದನ್ನು ಹೇಳಿದ್ದಾಯಿತು. ಆಸ್ಪತ್ರೆಯವರ ಪ್ರಶ್ನಾವಳಿಗೆ ಮರ್ಯಾದೆ ಕೊಡಬೇಕಲ್ಲ. ಆಕೆ ಗಂಭೀರವಾಗಿ ಮುಂದುವರಿದಳು. "ಕರೆಂಟಿಂದಾ, ಕೆಂಡದ್ದಾ?"

"ಕೆಂಡದ್ದು," ಎಂದು ಗಾಬರಿರಾಣಿ ಬಿಕ್ಕಿದಳು.

ಗಂಡ ಫೋನ್ ಕಿತ್ತುಕೊಂಡು ಅದು ಗೊಂಬೆಯದೆಂದೂ ಬಟಾಣಿಯಷ್ಟಿದೆಯೆಂದೂ ಬಿಡಿಸಿ ಹೇಳಿದ. ತಕ್ಷಣ ಕರೆತನ್ನಿ ಎಂದರು. ಅವಳು ಮಡಚಿದ್ದ ತೋಳು ಇಳಿಸಿಕೊಂಡು ಮಗಳನ್ನು ಎದೆಗವಚಿ ಹೊರಟಳು. ಅತ್ತೆಗೆ ಮಾತ್ರ ತಿಳಿಯಬಾರದೆಂದು ದಾರಿಯುದ್ದಕ್ಕೂ ಗಂಡನಿಂದ ಆಣೆ ಹಾಕಿಸಿಕೊಂಡಳು. ಆದರೆ ಮಹಡಿಯವರು ಫೋನಿನ ಮಾತನ್ನು ಪೂರಾ ಕೇಳಿಸಿಕೊಂಡು, ಇವರ ಗಾಡಿ ತಿರುವು ದಾಟುವ ಮೊದಲೇ ಹೊಲಿಗೆ ಅಂಗಡಿಯಲ್ಲಿದ್ದರು. ಮೊಮ್ಮಗಳು ಇಸ್ತ್ರಿಪೆಟ್ಟಿಗೆ ನುಂಗಿದಳೆಂದು ಕೇಳಿದ ಅತ್ತೆ ಮೊದಲು ತಮ್ಮ ಇಸ್ತ್ರಿಪೆಟ್ಟಿಗೆ ಇದೆಯೇ ಎಂದು ನೋಡಿಕೊಂಡರಂತೆ, ಆಮೇಲೆ ಬಾಗಿಲು ಎಳೆದುಕೊಂಡು ಓಡಿದರಂತೆ.

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಮಗಳ ಹೊಟ್ಟೆಗೆ ಕಿವಿಯಿಟ್ಟು ಕೂತಳು. ಗುಳುಗುಳು ಸದ್ದು ಕೇಳಿದರೆ ತಗಡು ಕೊಯ್ಯುತ್ತಿದೆ ಎನಿಸಿತು, ಕೇಳದಿದ್ದರೆ ಕೊಯ್ದು ಮುಗಿಸಿದೆ ಎನಿಸಿತು. ಅತ್ತೆಯನ್ನು ಮೆಚ್ಚಿಸಹೋಗಿ ಮಗಳನ್ನು ಕಳೆದುಕೊಂಡ ತಾಯಿ ಲೋಕದಲ್ಲಿ ತಾನೊಬ್ಬಳೇ ಎಂದು ಮುಖ ಮುಚ್ಚಿಕೊಂಡಳು. ಗಂಡ ಬೆನ್ನು ಸವರಿದ. ಬೈದಿದ್ದರೇ ವಾಸಿಯಿತ್ತು.

ಎಕ್ಸ್‌ರೇ ಕೋಣೆಯಲ್ಲಿ ಅವಳಿಗೂ ಒಂದು ಭಾರದ ನಿಲುವಂಗಿ ತೊಡಿಸಿ, ಮಗು ಅಲುಗದಂತೆ ಹಿಡಿದುಕೊಳ್ಳಲು ಹೇಳಿದರು. ಅವಳು ಬಳ್ಳಿಯಂತೆ ಸುತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಡಾಕ್ಟರ ಪರದೆಯ ಮೇಲೆ ಚಿತ್ರ ಮೂಡಿತು. ಗುಬ್ಬಿಗೂಡಿನಂಥ ಪಕ್ಕೆಲುಬುಗಳು, ಅದರ ಕೆಳಗೆ, ಬೆಳ್ಳಗೆ, ಚೂಪಾಗಿ, ಹಿಡಿಯ ಸಮೇತ ಇಸ್ತ್ರಿಪೆಟ್ಟಿಗೆ. ಅವಳು ಮಗಳ ಹೊಟ್ಟೆಯನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಗಂಡ ಗೋಡೆಗೆ ಒರಗಿದ.

ಡಾಕ್ಟರು ಕನ್ನಡಕ ಮೇಲೇರಿಸಿ ಪರದೆಗೆ ಮೂಗು ತಾಗುವಷ್ಟು ಬಾಗಿದರು.

"ಅಮ್ಮಾ, ಈ ಪಕ್ಕದಲ್ಲಿ ಎರಡು ಉದ್ದ ಮೂಳೆ ಕಾಣ್ತಿದೆಯಲ್ಲ," ಎಂದರು. "ಇಷ್ಟುದ್ದದ ಮೂಳೆ ಮಗೂ ಹೊಟ್ಟೇಲಿ ಇರಲ್ಲ. ಇದು ಯಾರ ಕೈ?"

ಅವಳು ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು.

"ನಿಮ್ಮ ಕುರ್ತಾದ ಎಡತೋಳು ಸ್ವಲ್ಪ ಮೇಲಕ್ಕೆ ಮಡಚ್ತೀರಾ?"

ಮಡಚಿದಳು. ಮೊಣಕೈಯ ಕೆಳಗೆ, ಟೇಪಿನ ಚೂರಿನೊಂದಿಗೆ ಚರ್ಮಕ್ಕೆ ಕಚ್ಚಿಕೊಂಡು, ಹಿಡಿ ಕೂಡ ಬಾಗದೆ ಇಸ್ತ್ರಿಪೆಟ್ಟಿಗೆ ಕೂತಿತ್ತು. ಬ್ರಷ್ಷಿಗೆ ಕೈ ಚಾಚಿದಾಗಲೇ ಅದು ಕಡ್ಡಿ ಬಿಟ್ಟು ಒಡತಿಯನ್ನು ಹಿಡಿದಿತ್ತು. ಇಲಿಮರಿ ಅದನ್ನು ನೋಡಿದ್ದೇ ಬಾಯಿ ತೆರೆದು ಕೈ ಚಾಚಿತು. ಗಂಡ ಮಗಳನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ.

ಆಗಲೇ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಓಡಿಬಂದ ಅತ್ತೆ, ಎಲ್ಲವನ್ನೂ ನೋಡಿಯಾಗಿತ್ತು. ಒಳಗೆ ಬಂದವರು ಮೊದಲು ಮೊಮ್ಮಗಳ ತಲೆ ಸವರಿದರು. ಆಮೇಲೆ ಸೊಸೆಯ ಕೈ ಹಿಡಿದು, ನೋವಾಗದಂತೆ ಉಗುರಿನಿಂದ ಇಸ್ತ್ರಿಪೆಟ್ಟಿಗೆ ಬಿಡಿಸಿ, ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಸೊಸೆ ಈಗ ದನಿ ತೆಗೆದೇ ಅತ್ತಳು.

"ಮಗೂನ ಹಚ್ಕೊ ಕಣಮ್ಮ, ತಪ್ಪಿಲ್ಲ," ಎಂದರು ಅತ್ತೆ. "ನನ್ನನ್ನ ಹಚ್ಕೊಂಡ್ರೂ ನಾನು ಬೇಡ ಅನ್ನಲ್ಲ. ಇಸ್ತ್ರಿಪೆಟ್ಟಿಗೇನ ಮಾತ್ರ ಈ ಪಾಟಿ ಹಚ್ಕೋಬಾರದು."