ಮಾವನಿಗೆಂದು ತಂದ ಸಿಂಗಲ್ ಮಾಲ್ಟ್

ಹೆಂಡತಿಯ ಮೆಚ್ಚುಗೆಯಾದರೂ ಹೇಗೋ ಸಿಕ್ಕೀತು, ಮಾವನ ಮೆಚ್ಚುಗೆ ಗಿಟ್ಟಿಸುವುದು ಮಾತ್ರ ಬಲು ಕಷ್ಟ. ಅದರಲ್ಲೂ ಬಹರೈನಿನಲ್ಲೊಬ್ಬ ಷಡ್ಡಕನಿದ್ದು, ಅವನು ರಜೆಗೆ ಬಂದಾಗಲೆಲ್ಲ ಮಾವನಿಗೆ ದುಬಾರಿ ಬಾಟಲಿ ತರುವವನಾದರೆ ನಮ್ಮ ಕಥೆ ಮುಗಿಯಿತು. ನಾನೂ ಕೊಲ್ಲಿ ದೇಶದಲ್ಲೇ, ರೂವಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವ. ಊರಿಗೆ ಒಯ್ಯುವುದು ಖರ್ಜೂರ, ಹಾಲಿನ ಪುಡಿ, ನೋವಿನ ಮುಲಾಮು. ಮಂಗಳೂರಿನ ನಮ್ಮ ಮಾವ ಆ ಮುಲಾಮನ್ನು ಮೊಣಕಾಲಿಗೆ ತಿಕ್ಕಿಕೊಳ್ಳುತ್ತ ಷಡ್ಡಕನ ಬಾಟಲಿಯನ್ನು ಹೊಗಳುತ್ತಿದ್ದರು.

ಆ ಮಾವ ಕ್ರಿಸ್ಮಸ್ಸಿಗೆ ರೂವಿಯ ಹತ್ತಿರದ ಅಲ್ ಅಮೇರಾತಿನ ನಮ್ಮ ಮನೆಗೆ ಬರುತ್ತಾರೆಂದಾಗ ಈ ಸಲ ಬಿಡಬಾರದು ಅಂದುಕೊಂಡೆ. ಇಲ್ಲಿ ಮದ್ಯ ಕೊಳ್ಳಲು ಪರ್ಮಿಟ್ ಬೇಕು, ಅದಕ್ಕೆ ತಿಂಗಳಿಗಿಷ್ಟು ಎಂಬ ಮಿತಿಯೂ ಉಂಟು. ಅಂಗಡಿಯವನಿಗೆ, ವಯಸ್ಸಾದವರು, ಗಂಟಲು ಸುಡಬಾರದು ಎಂದೆ. ಅವನು ಒಂದು ಸಿಂಗಲ್ ಮಾಲ್ಟ್ ಸ್ಕಾಚ್ ಎತ್ತಿಕೊಟ್ಟು, “ತುಂಬ ಸಾಧು ಇದು, ಸಾಬ್. ಹಣ್ಣಿನ ಪರಿಮಳ” ಎಂದ, ಮದುವೆ ದಲ್ಲಾಳಿಯ ಧಾಟಿಯಲ್ಲಿ. ನಮ್ಮ ಮನೆಯ ಬಾರ್ ಎಂದರೆ ಶೋಕೇಸಿನ ಕೆಳಗಿನ ಅರೆ. ಗ್ಲಾಸುಗಳ ನಡುವೆ ಬಾಟಲಿಯನ್ನು ನಿಲ್ಲಿಸಿದೆ. ಆಫೀಸಿನಿಂದ ಬಂದವನು ಮೊದಲು ಅದನ್ನು ನೋಡಿ ಆಮೇಲೆ ಷೂ ಬಿಚ್ಚುತ್ತಿದ್ದೆ. ಸೇಬು, ಪೇರ್, ಒಣದ್ರಾಕ್ಷಿ, ಜೇನು ಎಂದು ಡಬ್ಬಿಯ ಮೇಲಿದ್ದದ್ದು ಬಾಯಿಪಾಠವಾಗಿತ್ತು.

ಒಂದು ಸಂಜೆ ನೋಡುತ್ತೇನೆ, ಬಾಟಲಿ ಇಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಲವೀನಾ ದೊಡ್ಡ ಜಾಡಿಯ ಮುಚ್ಚಳ ಬಿಗಿಯುತ್ತಿದ್ದಳು. ಒಳಗೆ ದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆ ಹಾಯಾಗಿ ಮುಳುಗಿದ್ದವು. ಕ್ರಿಸ್ಮಸ್ ಕೇಕಿನ ಹಣ್ಣು ಮೊದಲೇ ರಮ್ಮಿನಲ್ಲಿ ನೆನೆಯಲೇಬೇಕೆಂಬುದು ನಮ್ಮ ಮಂಗಳೂರು ಕ್ರೈಸ್ತರ ಮನೆಗಳ ಕಟ್ಟುನಿಟ್ಟು. ತಿಂಗಳ ಮಿತಿಯನ್ನೆಲ್ಲ ಸ್ಕಾಚೇ ನುಂಗಿದ್ದರಿಂದ ನಾನು ರಮ್ಮು ತಂದಿರಲಿಲ್ಲ.

“ಡಬ್ಬಿ ಮೇಲೆ ಸೇಬು, ಒಣದ್ರಾಕ್ಷಿ ಅಂತ ಉಂಟಲ್ಲ. ಈ ವರ್ಷ ಕೇಕಿಗೆ ಒಳ್ಳೇದೇ ತಂದಿದ್ದೀರಿ ಅಂತ ಖುಷಿಯಾಯ್ತು” ಎಂದಳು.

“ಸ್ವಲ್ಪವಾದ್ರೂ ಉಳಿದಿದೆಯಾ?”

“ಹಣ್ಣು ಮುಳುಗುವುದು ಬೇಡವಾ ಮತ್ತೆ?”

ಬೈಯಬೇಕೆಂದುಕೊಂಡೆ. ಆದರೆ ಅಪ್ಪ ಬರುವ ಸಂಭ್ರಮದಲ್ಲಿ ಅವಳ ಮುಖ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಜಾಡಿಯನ್ನು ನಾನೇ ಎತ್ತಿ ಮೇಲಿನ ಅರೆಯಲ್ಲಿಟ್ಟೆ. ನನಗೆ ಅವಳೆಂದರೆ ಇಂದಿಗೂ ಅಷ್ಟು ಪ್ರೀತಿ.

ಮಾವ ಬಂದರು. ಮೊದಲ ಸಂಜೆಯೇ ತಲೆ ಕೆರೆಯುತ್ತ, “ಮಾವ, ಕುಡಿಯಲಿಕ್ಕೆ ಅಂತ...” ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

“ಬೇಡ ಮಗಾ. ಮೊಣಕಾಲು ಗುಣವಾಗಲಿ ಅಂತ ಹರಕೆ ಹೇಳಿದ್ದೇನೆ. ಒಂದು ವರ್ಷ ತೊಟ್ಟೂ ಮುಟ್ಟುವುದಿಲ್ಲ.”

ಕೇಕು ಹರಕೆಯಲ್ಲಿ ಸೇರಿರಲಿಲ್ಲ. ಮಾವ ಬೆಳಿಗ್ಗೆ ಒಂದು ತುಂಡು, ಊಟವಾದ ಮೇಲೆ ಒಂದು ತುಂಡು, ಪ್ರಾರ್ಥನೆಗೆ ಮೊದಲು ಇನ್ನೊಂದು ತಿಂದು, “ಲವೀನಾ, ಇಂಥ ಕೇಕು ನಿನ್ನ ಅಮ್ಮನೂ ಮಾಡಲಿಲ್ಲ” ಎಂದು ಕಣ್ಣೊರೆಸಿಕೊಂಡರು. ಲವೀನಾ ನನ್ನನ್ನು ನೋಡಿದಳು. ನಾನು ಶೋಕೇಸನ್ನು ನೋಡಿದೆ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮಾವ ನನ್ನ ಎರಡೂ ಕೈ ಹಿಡಿದುಕೊಂಡರು. “ಆ ಬಹರೈನಿನವನ ಮನೆಯಲ್ಲಿ ಎಲ್ಲಿ ನೋಡಿದರೂ ಬಾಟಲಿ. ನಿನ್ನಲ್ಲಿ ಬರೀ ಖಾಲಿ ಗ್ಲಾಸು. ಕುಡಿಯದ ಅಳಿಯ ಸಿಗಬೇಕಾದರೆ ಪುಣ್ಯ ಬೇಕು ಮಗಾ.” ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಈಗ ಪ್ರತಿ ಶುಕ್ರವಾರ ಸಂಜೆ, ನಾನು ಫ್ರಿಜ್ಜಿನಿಂದ ಬಿಯರು ತೆಗೆದು ಮುಚ್ಚಳ ಬಿಚ್ಚುವ ಹೊತ್ತಿಗೇ, ಮಾವನ ವಿಡಿಯೊ ಕರೆ ಬರುತ್ತದೆ. ಬಾಟಲಿಯನ್ನು ಸೋಫಾದ ಹಿಂದಿಟ್ಟು, ನಿಂಬೆ ಶರಬತ್ತು ಹಿಡಿದು ಕೂರುತ್ತೇನೆ. ಮಾವ ಹೆಮ್ಮೆಯಿಂದ ನೆರೆಮನೆಯವರನ್ನೆಲ್ಲ ಕರೆದು ನನ್ನನ್ನು ತೋರಿಸುತ್ತಾರೆ. ಅವರೆಲ್ಲ ನೋಡಿ ಮುಗಿಯುವಷ್ಟರಲ್ಲಿ ಬಿಯರು ಬೆಚ್ಚಗಾಗಿರುತ್ತದೆ.