ಇತುರ್ರಂಗೋಯ್ತಿ ಮನೆತನದ ಗಂಡಿನ ಕಡೆಯವರು

ನನ್ನ ಷಡ್ಡಕನಿಗೆ ಮನುಷ್ಯರು ಕಾಣುವುದಿಲ್ಲ. ಕಣ್ಣಿನ ದೋಷವೇನಲ್ಲ, ಡಾಕ್ಟರಿಗೆ ತೋರಿಸಿಯಾಗಿದೆ. ಅವರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ ‘ಓದಿ’ ಎಂದರೆ, ಇವನು ಅವರ ಕೋಟಿನ ಮೇಲಿದ್ದ ಹೆಸರಿನ ಪಟ್ಟಿಯನ್ನು ಓದಿದ. ಓದಿ, ‘ಇದು ನಿಮ್ಮ ತಾತನ ಊರಿನ ಹೆಸರೋ, ಕಸುಬಿನ ಹೆಸರೋ?’ ಎಂದು ವಿಚಾರಣೆಯನ್ನೂ ಆರಂಭಿಸಿದ. ಡಾಕ್ಟರು ಗಾಬರಿಯಲ್ಲಿ ಒಂದು ಕನ್ನಡಕ ಬರೆದುಕೊಟ್ಟು ಸಾಗಹಾಕಿದರು. ಕನ್ನಡಕದ ಅಗತ್ಯವಿತ್ತೋ ಇಲ್ಲವೋ, ಆ ದೇವರೇ ಬಲ್ಲ!

ಇವನು ನನ್ನ ಹೆಂಡತಿಯ ತಂಗಿಯ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನ ಮೂಲ, ಪ್ರಸರಣ, ರೂಪಭೇದಗಳ ಬಗ್ಗೆ ಇವನೇ ಒಂದು ಪತ್ರ ಬರೆದು ನನ್ನನ್ನು ಓದಿಸುತ್ತಾನೆ. ಅಬುಧಾಬಿಯ ಹೊರವಲಯದ ಮುಸಫ್ಫಾದ ಒಂದು ಪೈಪು ಕಾರ್ಖಾನೆಯಲ್ಲಿ ನೌಕರರಿಗೆ ಗೇಟ್ ಪಾಸ್ ಅಚ್ಚು ಹಾಕಿ ಕೊಡುವುದು ಇವನ ಉದ್ಯೋಗ. ಕುಡುಕನನ್ನು ಸಾರಾಯಿ ಅಂಗಡಿಗೆ ಕಾವಲಿಟ್ಟ ಹಾಗೆ! ಪಾಕಿಸ್ತಾನಿ, ನೇಪಾಳಿ, ಈಜಿಪ್ಟಿನವನು, ಮಲೆಯಾಳಿ, ಯಾರು ಬಂದು ನಿಂತರೂ ಮೊದಲು ಮನೆತನದ ಹೆಸರು ಹೇಳಬೇಕು. ಹೇಳಿದವರಿಗೆ ಚಹಾ. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ, ಅಪ್ಪನ ಹೆಸರೇ ಕೊನೆಗೆ’ ಎಂದವರಿಗೆ ಬರೀ ಗೇಟ್ ಪಾಸ್.

ಕೂತಲ್ಲಿ ಕೂರುವ ಜಾತಿಯೂ ಅಲ್ಲ. ನಮ್ಮ ಮನೆಗೆ ಊಟಕ್ಕೆ ಬಂದರೆ ತಟ್ಟೆ ಹಿಡಿದು ಪ್ರದಕ್ಷಿಣೆ ಹಾಕುತ್ತಾನೆ. ಹುಳಿಯನ್ನ ಅಡುಗೆಮನೆಯಲ್ಲಿ, ಸಾರನ್ನ ಪಡಸಾಲೆಯಲ್ಲಿ, ಮಜ್ಜಿಗೆ ಬಾಲ್ಕನಿಯಲ್ಲಿ. ಅಪ್ಪಿತಪ್ಪಿ ಕೂತರೆ ಕಾಲು ಕುಣಿಯುತ್ತದೆ. ಕಾಲು ನಿಂತರೆ ಕಾರಿನ ಕೀಲಿ ಬೆರಳಲ್ಲಿ ಗಿರ್ರನೆ ತಿರುಗುತ್ತದೆ. ನನ್ನ ಹೆಂಡತಿ ಇವನಿಗೆ ಬಡಿಸುವಾಗ ಸೌಟು ಹಿಡಿದು ಹಿಂದೆ ಓಡುವುದನ್ನು ನೋಡಿದವರು, ಏನೋ ಜಗಳ ಹತ್ತಿದೆ ಎಂದುಕೊಂಡಾರು.

ನಾವಿರುವುದು ಅಲ್ ರೀಮ್ ಐಲ್ಯಾಂಡಿನ ಒಂದು ಗಗನಚುಂಬಿಯ ಇಪ್ಪತ್ತಮೂರನೇ ಮಹಡಿಯಲ್ಲಿ. ಇವನಿಗೆ ಲಿಫ್ಟೇ ಸಂಶೋಧನಾ ಕೇಂದ್ರ. ಒಮ್ಮೆ ಸೂಟು ತೊಟ್ಟ ಲೆಬನಾನಿನ ಸಜ್ಜನರೊಬ್ಬರನ್ನು ನೆಲಮಾಳಿಗೆಯಿಂದ ಹಿಡಿದುಕೊಂಡ. ಐದನೇ ಮಹಡಿಗೆ ಅವರ ಮನೆತನದ ಹೆಸರು ಹೊರಬಿತ್ತು. ಒಂಬತ್ತಕ್ಕೆ ಅಜ್ಜ, ಹನ್ನೆರಡಕ್ಕೆ ಮುತ್ತಜ್ಜ. ಹದಿನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದದ್ದೇ ತಡ, ಆ ಮನುಷ್ಯ ಹಾರಿ ಹೊರಗೋಡಿದರು. ಅವರ ಮನೆ ಇರುವುದು ಇಪ್ಪತ್ತೊಂದರಲ್ಲಿ! ಮಿಕ್ಕ ಏಳು ಮಹಡಿಯನ್ನು ಮೆಟ್ಟಿಲ ಮೇಲೆ ಹತ್ತಿದರೆಂದು ಕಾವಲುಗಾರ ಆಮೇಲೆ ಹೇಳಿದ.

‘ಪಾಪ, ಹಿರಿಯರು ಕಣಯ್ಯಾ. ಮಂಡಿ ನೋವಿದ್ದರೆ?’ ಎಂದೆ.

‘ಭಾವ, ಮುತ್ತಜ್ಜ ಕಮ್ಮಾರರಂತೆ. ಆ ವಂಶದವರಿಗೆ ಮಂಡಿ ಗಟ್ಟಿ ಇರುತ್ತೆ’ ಎಂದ.

ಇಂಥವನ ಕೈಗೆ ಈ ವರ್ಷ ಒಬ್ಬ ಫಿಲಿಪಿನೋ ಸಿಕ್ಕಿಬಿದ್ದ. ಹೆಸರು ನೋಯೆಲ್, ಮೂವತ್ತೆರಡರ ಗಂಡಸು, ವೆಲ್ಡಿಂಗ್ ಮಾಡಿದ ಬೆಸುಗೆ ಸರಿಯಾಗಿದೆಯೇ ಎಂದು ತಪಾಸಣೆ ಮಾಡುವವನು. ಮನೆತನದ ಹೆಸರು ಇತುರ್ರಂಗೋಯ್ತಿ. ಗೇಟ್ ಪಾಸಿನ ಚೌಕದಲ್ಲಿ ಅದು ಹಿಡಿಸಲಿಲ್ಲ. ಯಂತ್ರ ‘ಇತುರ್ರಂಗೋ’ ಎಂದು ಅರ್ಧಕ್ಕೆ ಕತ್ತರಿಸಿತು.

‘ಪರವಾಗಿಲ್ಲ ಸರ್, ಎಲ್ಲಾ ಕಡೆ ಹಾಗೇ ಕತ್ತರಿಸ್ತಾರೆ’ ಎಂದ ನೋಯೆಲ್.

ನನ್ನ ಷಡ್ಡಕ ಎದ್ದು ನಿಂತ. (ನಿಂತೇ ಇದ್ದ, ಇನ್ನೂ ಸ್ವಲ್ಪ ನಿಂತ.) ‘ಪರವಾಗಿಲ್ಲ ಅಂದರೆ? ಇದು ಸ್ಪೇನಿನ ಹೆಸರಪ್ಪ! ಸ್ಪೇನಿನಲ್ಲೂ ಬಾಸ್ಕರ ಹೆಸರು. ಅವರಲ್ಲಿ ಜನ ಮನೆಗೆ ಹೆಸರಿಡೋದಿಲ್ಲ, ಮನೆ ಜನಕ್ಕೆ ಹೆಸರಿಡುತ್ತೆ. ಇತುರ್ರಿ ಅಂದರೆ ಒರತೆ. ಗೋಯ್ತಿ ಅಂದರೆ ಮೇಲೆ. ಒರತೆಯ ಮೇಲಣ ಮನೆಯವರು ನೀವು. ಅರ್ಧ ಮನೆ ಕೆಡವಿ ಗೇಟಿನಲ್ಲಿ ತೋರಿಸ್ತೀರಾ?’

ಕೊನೆಗೆ ಅಕ್ಷರಗಳನ್ನು ಇರುವೆ ಗಾತ್ರಕ್ಕಿಳಿಸಿ ಪೂರ್ತಿ ಮನೆಯನ್ನು ಚೌಕದೊಳಗೆ ತುಂಬಿದ. ಗೇಟಿನ ಕಾವಲುಗಾರ ಅದನ್ನು ಓದಲಾರದೆ, ಅಂದಿನಿಂದ ನೋಯೆಲ್‌ನನ್ನು ಮುಖ ನೋಡಿಯೇ ಒಳಗೆ ಬಿಡುತ್ತಾನೆ.

ಚಹಾ ಬಂತು. ಚಹಾದ ಜೊತೆ ನೋಯೆಲ್‌ನ ಸಂಕಟವೂ ಬಂತು. ಅವನಿಗೆ ದುಬೈನ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಗ್ರೇಸ್ ಎಂಬ ಹುಡುಗಿಯ ಮೇಲೆ ಮನಸ್ಸು, ಹುಡುಗಿಗೂ ಮನಸ್ಸು. ಅವಳ ತಾಯಿ ಒಂದು ತಿಂಗಳ ವಿಸಿಟ್ ವೀಸಾದಲ್ಲಿ ಬಂದು, ಅಲ್ಲೇ ಕರಾಮಾ ಬಡಾವಣೆಯಲ್ಲಿರುವ ಮೈದುನನ ಮನೆಯಲ್ಲಿದ್ದಾರೆ. ಅವರಲ್ಲಿ ಪದ್ಧತಿ ಹೇಗೆಂದರೆ, ಗಂಡಿನ ಕಡೆಯ ಹಿರಿಯರು ತಿಂಡಿತಿನಿಸು ಹೊತ್ತು ಹೆಣ್ಣಿನ ಮನೆಗೆ ಹೋಗಿ, ಕೂತು, ಬಾಯಿಬಿಟ್ಟು ಕೇಳಬೇಕು. ಹುಡುಗಿಯ ಚಿಕ್ಕಪ್ಪ ಹೇಳಿಕಳಿಸಿದ್ದರು: ‘ನಿನ್ನವರನ್ನು ಕರೆದುಕೊಂಡು ಬಾ.’

ನೋಯೆಲ್‌ಗೆ ತನ್ನವರು ಇರಲಿಲ್ಲ. ಸಾಕಿದ ಅಜ್ಜಿ ತೀರಿಕೊಂಡಿದ್ದಳು. ಊರಿನಲ್ಲಿ ಆ ಹೆಸರಿನವನು ಇವನೊಬ್ಬನೇ.

‘ತಾಯಿ ವಾಪಸ್ ಹೋಗೋಕೆ ಇನ್ನು ಮೂರು ವಾರ ಇದೆ. ಅಷ್ಟರಲ್ಲಿ ಯಾರೂ ಹೋಗದಿದ್ದರೆ ಹುಡುಗಿಗೆ ಊರಲ್ಲಿ ಬೇರೆ ಕಡೆ ನೋಡ್ತಾರಂತೆ ಭಾವ’ ಎಂದು ಷಡ್ಡಕ ನಮ್ಮ ಮನೆಯಲ್ಲಿ ಮೊಸರನ್ನ ಹಿಡಿದು ಓಡಾಡುತ್ತಾ ಹೇಳಿದ. ‘ಯೋಚನೆ ಮಾಡಿ. ಇಷ್ಟು ಅಪರೂಪದ ಹೆಸರು. ಇದೇ ಹೆಸರಿನ ಇನ್ನೊಬ್ಬ ಸಿಕ್ಕರೆ ನೆಂಟನಲ್ಲದೆ ಇನ್ನೇನು? ಹುಡುಕಬೇಕು ಅಷ್ಟೆ. ಎರಡು ಕೋಟಿ ಜನರಲ್ಲೇನು ಹುಡುಕಬೇಕಿಲ್ಲವಲ್ಲ, ಎಮಿರೇಟ್ಸ್ ಎಷ್ಟು ದೊಡ್ಡದು ಮಹಾ!’

ಮಾರನೆಯ ದಿನವೇ ಅವನ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಭೂಪಟ ಅಂಟಿತು. ಇಂಟರ್‌ನೆಟ್ಟಿನಲ್ಲಿ ಯಾವ ಹೆಸರು ಯಾವ ದೇಶದಲ್ಲಿ ಎಷ್ಟಿದೆ ಎಂದು ತೋರಿಸುವವರಿದ್ದಾರಂತೆ. ಸ್ಪೇನಿನ ಉತ್ತರಕ್ಕೆ ಒಂದು ಚಿಟಿಕೆ ಕೆಂಪು ಚುಕ್ಕೆ, ಮೆಕ್ಸಿಕೋದಲ್ಲಿ ಎರಡು, ಫಿಲಿಪೀನ್ಸಿನಲ್ಲಿ ಮೂರು. ಎಮಿರೇಟ್ಸಿನ ಮೇಲೆ ನನ್ನ ನಾದಿನಿಯ ಕುಂಕುಮದ ಡಬ್ಬಿಯಿಂದ ಎತ್ತಿದ ಒಂದು ಬೊಟ್ಟು. ಅದು ನೋಯೆಲ್.

‘ಫ್ರಿಜ್ ತೆಗೆದರೆ ಸಾಕು, ಅಮೆರಿಕ ಒಂದು ಕಡೆ, ಏಷ್ಯಾ ಒಂದು ಕಡೆ ಆಗುತ್ತೆ ಅಕ್ಕಾ! ಕೊತ್ತಂಬರಿ ಸೊಪ್ಪು ತೆಗೆಯೋಕೂ ಇವರ ಅಪ್ಪಣೆ ಕೇಳಬೇಕು’ ಎಂದು ನಾದಿನಿ ಫೋನಿನಲ್ಲಿ ಗೋಳಾಡಿದಳು.

ಮೊದಲನೆಯ ಬೇಟೆ ನಮ್ಮ ಕಟ್ಟಡದಲ್ಲೇ ಸಿಕ್ಕಿತು. ಕೆಳಗೆ ಸ್ವಾಗತಕಟ್ಟೆಯ ಪಕ್ಕ ನಿವಾಸಿಗಳ ಪಾರ್ಸೆಲ್ಲುಗಳನ್ನಿಡುವ ಕಪಾಟಿದೆ. ಅದರಲ್ಲೊಂದು ಪೆಟ್ಟಿಗೆಯ ಮೇಲೆ, ಸಾಲು ಹೆಸರುಗಳ ಕೊನೆಯಲ್ಲಿ, ಸಾಕ್ಷಾತ್ ಇತುರ್ರಂಗೋಯ್ತಿ! ಷಡ್ಡಕ ರಜೆ ಹಾಕಿ ಆ ಪೆಟ್ಟಿಗೆಯ ಎದುರು ಕೂತ. ಕೂತ ಎಂದರೆ ಅಡ್ಡಾಡಿದ.

‘ಚಿಕ್ಕಪ್ಪ, ದಿಸ್ ಈಸ್ ಸ್ಟಾಕಿಂಗ್. ಹೀಗೆ ಜನರ ಬೆನ್ನು ಹತ್ತಬಾರದು’ ಎಂದಳು ಕಾಲೇಜಿನಿಂದ ಬಂದ ನನ್ನ ಮಗಳು.

‘ಅಲ್ಲ ಪುಟ್ಟಿ, ಇದು ವಂಶೋದ್ಧಾರ.’

ಸಂಜೆ ಆರಕ್ಕೆ ಇಪ್ಪತ್ತೊಂಬತ್ತರ ಒಬ್ಬ ತರುಣ, ಮೊಣಕಾಲುದ್ದದ ಚಡ್ಡಿ ತೊಟ್ಟು, ಕೈಯಲ್ಲಿ ಟೆನಿಸ್ಸಿನಂಥ ಪಾಡೆಲ್ ಆಟದ ಬ್ಯಾಟು ಹಿಡಿದು ಬಂದ. ಸ್ಪೇನಿನ ಎಂಜಿನಿಯರು. ಬಹಳ ವಿನಯವಂತ, ಓಡಲಿಲ್ಲ. ಅವರಲ್ಲಿ ಅಪ್ಪನ ಕಡೆಯ ಹೆಸರಿನ ಹಿಂದೆ ಅಮ್ಮನ ಕಡೆಯ ಹೆಸರನ್ನೂ ಇಟ್ಟುಕೊಳ್ಳುತ್ತಾರಂತೆ. ಇತುರ್ರಂಗೋಯ್ತಿ ಅವನ ತಾಯಿಯ ಕಡೆಯದು, ಅವನ ಮಕ್ಕಳ ಕಾಲಕ್ಕೆ ಬಿದ್ದುಹೋಗುತ್ತದೆ.

‘ಆ ಮನೆ? ಒರತೆಯ ಮೇಲಿನ ಮನೆ?’ ಷಡ್ಡಕ ಒಂದು ಹೆಜ್ಜೆ ಹತ್ತಿರ ಸರಿದ.

‘ಇದೆ ಸರ್. ಈಗ ಅಲ್ಲೊಂದು ಟೈರಿನ ಅಂಗಡಿ ಇದೆ.’

ಇಷ್ಟಾದರೂ ಬಿಡದೆ, ಯಾವುದಾದರೂ ಶನಿವಾರ ಗಂಡಿನ ಕಡೆಯ ಹಿರಿಯನಾಗಿ ಬಾ ಎಂದು ಕೇಳಿಯೇಬಿಟ್ಟ! ತನಗಿಂತ ಮೂರು ವರ್ಷ ದೊಡ್ಡವನಾದ ವರನಿಗೆ ಹಿರಿಯನಾಗುವುದು ಹೇಗೆಂದು ಆ ಹುಡುಗ ತಬ್ಬಿಬ್ಬಾಗಿ, ಶನಿವಾರಗಳಂದು ತನಗೆ ಪಾಡೆಲ್ ಇರುತ್ತದೆಂದು ಹೇಳಿ ಕ್ಷಮೆ ಕೇಳಿದ.

ಎರಡನೆಯ ಸುಳಿವು ದುಬೈನ ಮುಹೈಸ್ನಾದಿಂದ ಬಂತು. ಅಲ್ಲಿ ಕಾರ್ಮಿಕರ ವಸತಿಯೊಂದರ ಅಡುಗೆಮನೆಯಲ್ಲಿ ಅದೇ ಹೆಸರಿನ ಹಿರಿಯ ಅಡುಗೆಯವರಿದ್ದಾರಂತೆ, ಫಿಲಿಪಿನೋನೇ ಅಂತೆ. ಕಾಲ ಕಮ್ಮಿಯಿತ್ತು. ಹುಡುಗಿಯ ತಾಯಿ ಹೊರಡುವುದಕ್ಕೆ ಎಂಟು ದಿನ. ಭಾನುವಾರ ಬೆಳಿಗ್ಗೆ ನನ್ನನ್ನು ಕಾರಿಗೆ ತುಂಬಿಕೊಂಡ. ಒಂದೂವರೆ ಗಂಟೆಯ ದಾರಿಯಲ್ಲಿ ಅವನು ಎಷ್ಟು ಸಲ ಲೇನ್ ಬದಲಿಸಿದನೆಂದರೆ, ನಾವು ದುಬೈಗೆ ನೇರವಾಗಿ ಹೋದದ್ದಕ್ಕಿಂತ ಅಡ್ಡಡ್ಡಲಾಗಿ ಹೋದದ್ದೇ ಹೆಚ್ಚು.

ಅಡುಗೆಯವರು ಬಿಳಿತಲೆಯ ಸೌಮ್ಯ ಮನುಷ್ಯ. ಆಳೆತ್ತರದ ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದರು. ಗುರುವಾರ ಊರಿಗೆ, ಖಲಾಸ್, ಮತ್ತೆ ಬರುವುದಿಲ್ಲ. ಷಡ್ಡಕ ನೋಯೆಲ್‌ನ ಊರು, ಅಜ್ಜಿ, ದ್ವೀಪ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಅವರು ತಲೆಯಾಡಿಸಿದರು.

‘ನಮ್ಮದು ಬೇರೆ ದ್ವೀಪ ಸರ್. ರಕ್ತಸಂಬಂಧ ಏನೂ ಇಲ್ಲ. ಸ್ಪೇನಿನವರು ಆಳುತ್ತಿದ್ದಾಗ ಹೆಸರುಗಳದ್ದೊಂದು ದೊಡ್ಡ ಪುಸ್ತಕ ಮಾಡಿ, ಊರೂರಿಗೆ ಹಾಳೆ ಹಂಚಿದರಂತೆ. ಲೆಕ್ಕ ಇಡೋಕೆ ಸುಲಭ ಅಂತ. ನಮ್ಮ ಹಿರಿಯರು ಸಾಲಿನಲ್ಲಿ ನಿಂತಿದ್ದರು, ಇದು ಸಿಕ್ಕಿತು. ಮುಂದೆ ನಿಂತಿದ್ದವರಿಗೆ ಇನ್ನೊಂದು ಸಿಕ್ಕಿತು.’

‘ಒರತೆ? ಮನೆ?’

‘ನಮ್ಮದು ಸಮುದ್ರದ ದಂಡೆ ಸರ್. ಉಪ್ಪು ನೀರು.’

ವಾಪಸು ಬರುವಾಗ ಷಡ್ಡಕ ಒಂದೇ ಲೇನಿನಲ್ಲಿ ಓಡಿಸಿದ. ನನಗೆ ಭಯವಾಯಿತು. ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡೋಣವೆನಿಸಿತು. ಅಬುಧಾಬಿಯ ಗಡಿ ದಾಟಿದ ಮೇಲೆ ಬಾಯಿಬಿಟ್ಟ.

‘ಭಾವ, ಬರೋ ಶನಿವಾರ ಬಿಡುವಾ?’

‘ಯಾಕಯ್ಯಾ?’

‘ಪುಸ್ತಕದಿಂದ ಹೆಸರೇ ಹಂಚಬಹುದಾದರೆ, ನೆಂಟರನ್ನ ಯಾಕೆ ಹಂಚಬಾರದು? ನಾನು ಹೋಗ್ತೀನಿ. ನೀವೂ ಬನ್ನಿ.’

‘ನಮ್ಮ ಮುಖ ನೋಡಿದರೆ ಯಾವ ಕೋನದಿಂದ ಫಿಲಿಪಿನೋ ಹಾಗೆ ಕಾಣ್ತೀವಿ? ಬಾಗಿಲಲ್ಲೇ ಅಟ್ಟುತ್ತಾರೆ!’

‘ಅಟ್ಟಲಿ. ಹುಡುಗನ ಜೊತೆ ಅಟ್ಟಿಸಿಕೊಳ್ಳೋಕೂ ಯಾರಾದರೂ ಬೇಕಲ್ಲ.’

ಶನಿವಾರದ ವೈಭವವನ್ನು ಏನೆಂದು ವರ್ಣಿಸಲಿ! ಇವನು ಪಂಚೆ ಉಟ್ಟು, ಜರಿ ಶಲ್ಯ ಹೊದ್ದು, ಮಗನ ಶಾಲೆಯ ಛದ್ಮವೇಷಕ್ಕೆ ತಂದಿದ್ದ ಮೈಸೂರು ಪೇಟವನ್ನು ತಲೆಗೇರಿಸಿದ್ದ. ಪೇಟ ಎಂಟು ವರ್ಷದವನ ಅಳತೆಯದು. ನೆತ್ತಿಯ ಮೇಲೆ ಕಾಗೆಯಂತೆ ಕೂತಿತ್ತು. ಹಿತ್ತಾಳೆ ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಮೈಸೂರುಪಾಕು, ಜೊತೆಗೊಂದು ಹಾಟ್‌ಕೇಸ್ ತುಂಬ ಬಿಸಿಬೇಳೆಬಾತು. ನೋಯೆಲ್ ತನ್ನ ಪಾಲಿಗೆ ಅವರ ಊರಿನ ಶಾವಿಗೆ ತಂದಿದ್ದ, ಬೆವರುತ್ತಿದ್ದ. ಅಕ್ಕತಂಗಿಯರಿಬ್ಬರೂ ಕರಾಮಾದವರೆಗೆ ಬಂದು, ‘ಆ ಸರ್ಕಸ್ಸಿಗೆ ನಾವು ಬರಲ್ಲಪ್ಪ’ ಎಂದು ಕೆಳಗಿನ ಹೋಟೆಲಿನಲ್ಲಿ ಕಾಫಿಗೆ ಕೂತರು.

ಬಾಗಿಲು ತೆರೆದ ಹುಡುಗಿಯ ಚಿಕ್ಕಪ್ಪನವರು ಗಂಭೀರ ಮನುಷ್ಯ. ಪೇಟ ನೋಡಿದರು, ತೆಂಗಿನಕಾಯಿ ನೋಡಿದರು, ನನ್ನನ್ನು ನೋಡಿದರು. ಒಳಗೆ ಕೂರಿಸಿದರು. ಸೋಫಾದ ಮೇಲೆ ಹುಡುಗಿಯ ತಾಯಿ, ಬಾಗಿಲ ಮರೆಯಲ್ಲಿ ಹುಡುಗಿ.

‘ನೋಯೆಲ್‌ಗೆ ನೀವು ಏನಾಗಬೇಕು?’ ಚಿಕ್ಕಪ್ಪ ಇಂಗ್ಲಿಷಿನಲ್ಲಿ ಕೇಳಿದರು.

ಸ್ಪೇನು, ಒರತೆ, ಹೆಸರಿನ ಪುಸ್ತಕ, ಎಲ್ಲ ಶುರುವಾಯಿತು ಎಂದು ನಾನು ಕಣ್ಣುಮುಚ್ಚಿಕೊಂಡೆ. ಶುರುವಾಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವನ ಕಾಲು ಕುಣಿಯುತ್ತಿರಲಿಲ್ಲ. ಕೈಯಲ್ಲಿ ತಟ್ಟೆ ಹಾಗೇ ಇತ್ತು.

‘ನಾನು ಇವರ ಗೇಟ್ ಪಾಸ್ ಪ್ರಿಂಟ್ ಮಾಡ್ತೀನಿ ಸರ್’ ಎಂದ.

ಯಾರೂ ನಗಲಿಲ್ಲ. ಚಿಕ್ಕಪ್ಪ ನಮ್ಮ ಬೆನ್ನ ಹಿಂದಿನ ಬಾಗಿಲ ಕಡೆ ಒಮ್ಮೆ ನೋಡಿ, ಮೆತ್ತಗೆ ಕೇಳಿದರು. ‘ಮತ್ತೆ... ಇವನ ಕಡೆಯವರು ಇಷ್ಟೇನಾ?’

ನಾನು ಈ ಮಾತನ್ನು ಹಿಂದೊಮ್ಮೆ ಕೇಳಿದ್ದೆ. ಮೈಸೂರಿನಲ್ಲಿ, ನಮ್ಮ ಮಾವನವರ ಮನೆಯಲ್ಲಿ. ಹಾಸ್ಟೆಲಿನಲ್ಲಿ ಬೆಳೆದ, ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ, ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಬಾಳೆಹಣ್ಣಿನ ಚಿಪ್ಪು ಹಿಡಿದು ನನ್ನ ನಾದಿನಿಯನ್ನು ಕೇಳಲು ಬಂದಿದ್ದ. ‘ನಿಮ್ಮ ಕಡೆಯವರು ಹಿಂದಿನ ಆಟೋದಲ್ಲಿ ಬರ್ತಿದಾರಾ?’ ಎಂದರು ಮಾವ. ‘ಇಲ್ಲ ಸಾರ್, ಒಂದೇ ಆಟೋ’ ಎಂದ. ಅಡುಗೆಮನೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮನೆಯ ಹಿರಿಯಳಿಯನಾದ ನಾನು, ಅವನಿಗೂ ಕೇಳುವಷ್ಟು ಗಟ್ಟಿಯಾಗಿ, ‘ಒಳ್ಳೇದೇ ಆಯ್ತು, ಕೇಸರಿಬಾತು ನಮಗೇ ಉಳೀತು’ ಎಂದಿದ್ದೆ. ಅವನೂ ನಕ್ಕಿದ್ದ. ಆಮೇಲೆ ಕೂತ ಕುರ್ಚಿಯಿಂದ ಎದ್ದು, ಗೋಡೆಯ ಮೇಲಿದ್ದ ಮಾವನ ಮನೆತನದವರ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಓಡಾಡತೊಡಗಿದ್ದ.

ಈಗ ಅವನು ಉತ್ತರ ಹೇಳಲು ಬಾಯಿ ತೆರೆಯುತ್ತಿದ್ದ. ನಾನು ಬಿಡಲಿಲ್ಲ.

‘ಇಷ್ಟೇ ಅಲ್ಲ ಸರ್’ ಎಂದೆ. ‘ನಾನು ಇವರಿಗಿಂತ ದೊಡ್ಡವನು, ಗಂಡಿನ ಕಡೆಯ ಹಿರಿಯ. ನಮ್ಮ ಮನೆ ಹೆಂಗಸರು ಹಿಂದಿನ ಕಾರಿನಲ್ಲಿ ಬರ್ತಿದಾರೆ. ಕರಾಮಾದಲ್ಲಿ ಪಾರ್ಕಿಂಗ್ ಸಿಗೋದು ನಿಮಗೇ ಗೊತ್ತಲ್ಲ.’

ಷಡ್ಡಕ ನನ್ನ ಕಡೆ ತಿರುಗಿದ. ನಾನು ಅವನ ಮುಖ ನೋಡದೆ, ಫೋನೆತ್ತಿ ಹೆಂಡತಿಗೆ ಕರೆ ಮಾಡಿದೆ.

‘ಇಬ್ಬರೂ ಮೇಲೆ ಬನ್ನಿ’ ಎಂದೆ.

‘ಯಾಕೆ? ಬರಲ್ಲ ಅಂದೆವಲ್ಲ?’

‘ಇವನ ಕಡೆಯವರು ಯಾರೂ ಇಲ್ವಾ ಅಂತ ಕೇಳ್ತಿದಾರೆ ಕಣೇ.’

ಆ ಕಡೆಯಿಂದ ಕಾಫಿ ಲೋಟ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

‘ಎಷ್ಟನೇ ಮಹಡಿ?’ ಎಂದಳು.